307 ವೋಲ್ಟ್ ಎಲ್ಲಿಂದ ಬಂತು?

ಜಮಖಂಡಿ,
ಫೆಬ್ರವರಿ ಮೊದಲ ವಾರ

ಚಿ. ತಂಗೆವ್ವನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಪರೀಕ್ಷೆ ಮುಗಿಯುವ ತನಕ ಹಾಸ್ಟೆಲಿನಲ್ಲಿ ಮೊಬೈಲು ಇಟ್ಟುಕೊಳ್ಳುವಂತಿಲ್ಲ ಎಂದು ಅಕ್ಕ ಹೇಳಿದಳು. ಒಳ್ಳೆಯದೇ ಆಯಿತು. ನಾನು ಹೇಳಬೇಕೆಂದಿರುವುದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಸಂಕ್ರಾಂತಿಗೆ ಬಂದಾಗ ನೀನು ಇಲ್ಲಿಯೇ ಮರೆತುಹೋದ ಭೌತಶಾಸ್ತ್ರದ ಉತ್ತರ ಪತ್ರಿಕೆಯನ್ನು ಓದಿದೆ. ಕೇಳದೆ ಓದಿದ್ದಕ್ಕೆ ಸಿಟ್ಟಾಗಬೇಡ. ಎಸಿ ಮಂಡಲದ ಐದು ಅಂಕದ ಲೆಕ್ಕದಲ್ಲಿ ಎರಡೇ ಅಂಕ ಬಂದಿವೆ. ಕಾಯಿಲಿನ ರಿಯಾಕ್ಟೆನ್ಸ್, ಅಂದರೆ ಎಸಿ ಪ್ರವಾಹಕ್ಕೆ ಅದು ಒಡ್ಡುವ ತಡೆ, ಸರಿಯಾಗಿಯೇ ತೆಗೆದಿದ್ದೀಯ, ಕೆಪಾಸಿಟರಿನದೂ ಸರಿ, ಒಂದರಲ್ಲಿ ಇನ್ನೊಂದನ್ನು ಕಳೆದದ್ದೂ ಸರಿ. ಆಮೇಲೆ ರೋಧ 30, ಉಳಿದ ರಿಯಾಕ್ಟೆನ್ಸ್ 31, ಒಟ್ಟು 61 ಓಮ್ ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದೀಯ. ನೋಡಿ ನಗು ಬಂತು. ಮೂವತ್ತು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ. ಆ ವರ್ಷ ನಾನು ಭೌತಶಾಸ್ತ್ರದಲ್ಲಿ ನಾಪಾಸಾದದ್ದು ಮನೆಯವರಿಗೆಲ್ಲ ಗೊತ್ತು. ಯಾವ ಲೆಕ್ಕದಲ್ಲಿ ಎಡವಿದೆ ಎಂಬುದನ್ನು ಇವತ್ತೇ ಮೊದಲ ಸಲ ಬರೆಯುತ್ತಿದ್ದೇನೆ.

ನಿನ್ನೆ ಅಂಗಡಿಯಲ್ಲಿ ನಿನ್ನ ಸಲುವಾಗಿ ಒಂದು ಕೆಲಸ ಮಾಡಿದೆ. ಗೋಡೆಯ ಮೇಲಿನ ಸೀರೀಸ್ ಬೋರ್ಡ್ ನೀನು ನೋಡಿದ್ದೀಯ. ರಿಪೇರಿಗೆ ಬಂದ ಫ್ಯಾನನ್ನೋ ಮೋಟಾರನ್ನೋ ನೇರವಾಗಿ ಕರೆಂಟಿಗೆ ಕೊಡದೆ, ಮೊದಲು ಒಂದು ಬಲ್ಬಿನ ಮೂಲಕ ಕೊಟ್ಟು ನೋಡುವ ಹಲಗೆ ಅದು. ಅದರಲ್ಲಿ 60 ವಾಟಿನ ಹಳೆಯ ಬಲ್ಬು ಹಾಕಿ, ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕಂಡೆನ್ಸರನ್ನು (ನಿನ್ನ ಪುಸ್ತಕದ ಕೆಪಾಸಿಟರ್ ಅದೇ) ಸರಣಿಯಲ್ಲಿ ಜೋಡಿಸಿದೆ. ಬಲ್ಬು ಕೆಂಪಗೆ, ಮಂದವಾಗಿ ಉರಿಯಿತು. ಮೀಟರು ಹಿಡಿದು ಅಳೆದೆ. ಬಲ್ಬಿನ ಎರಡು ತುದಿಗಳ ನಡುವೆ 100 ವೋಲ್ಟ್, ಕಂಡೆನ್ಸರಿನ ಎರಡು ತುದಿಗಳ ನಡುವೆ 207. ಕೂಡಿಸಿದರೆ 307. ಪ್ಲಗ್ಗಿನಲ್ಲಿ ಇರುವುದು ಬರೀ 230! ಅಂಗಡಿಯ ಹುಡುಗ ಮೀಟರೇ ಕೆಟ್ಟಿದೆ ಎಂದ. ಮೀಟರು ಸರಿಯಾಗಿಯೇ ಇತ್ತು. ಕೂಡಿಸಿದ ರೀತಿ ತಪ್ಪು, ಅಷ್ಟೇ. (ಇದನ್ನು ನೀನು ಹಾಸ್ಟೆಲಿನಲ್ಲಿ ಮಾಡಿ ನೋಡಲು ಹೋಗಬೇಡ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್ ಹೊಡೆಯುತ್ತದೆ. ನನ್ನ ಹೆಬ್ಬೆರಳನ್ನು ಕೇಳು.)

ಪಂಚಮಿಗೆ ನಮ್ಮ ಹೊಲದ ಬೇವಿನ ಮರಕ್ಕೆ ಕಟ್ಟುತ್ತಿದ್ದ ಜೋಕಾಲಿಯನ್ನು ನೆನಪು ಮಾಡಿಕೊ. ಅದು ತುತ್ತತುದಿಗೆ ಹೋದಾಗ ಒಂದು ಕ್ಷಣ ನಿಲ್ಲುತ್ತದೆ. ನಡುವಿನಿಂದ ದೂರ ಎಲ್ಲಕ್ಕಿಂತ ಹೆಚ್ಚು, ವೇಗ ಸೊನ್ನೆ. ಕೊಂಬೆಯ ನೇರ ಕೆಳಗೆ ಹಾಯುವಾಗ ದೂರ ಸೊನ್ನೆ, ವೇಗ ಎಲ್ಲಕ್ಕಿಂತ ಹೆಚ್ಚು. ಕಂಡೆನ್ಸರಿನ ಕತೆಯೂ ಹೀಗೆಯೇ. ಅದು ಪೂರ್ತಿ ತುಂಬಿದ ಗಳಿಗೆಯಲ್ಲಿ ವೋಲ್ಟೇಜು ಗರಿಷ್ಠ, ಆದರೆ ಹರಿಯುವ ಪ್ರವಾಹ ಸೊನ್ನೆ. ಪ್ರವಾಹ ತನ್ನ ಗರಿಷ್ಠವನ್ನು ಕಾಲು ಸುತ್ತು ಮೊದಲೇ ಮುಟ್ಟಿ ಇಳಿದಿರುತ್ತದೆ. ಬಲ್ಬಿಗೆ ಈ ಜಗಳವಿಲ್ಲ. ಅದರ ವೋಲ್ಟೇಜು ಪ್ರವಾಹದ ಜೊತೆಜೊತೆಗೇ ಏರಿ ಇಳಿಯುತ್ತದೆ. ಹಾಗಾಗಿ ಬಲ್ಬಿನ 100 ಮತ್ತು ಕಂಡೆನ್ಸರಿನ 207 ಒಂದೇ ಹೊತ್ತಿಗೆ ಮೇಲೇರುವುದಿಲ್ಲ. ಒಂದು ತುದಿಯಲ್ಲಿರುವಾಗ ಇನ್ನೊಂದು ಸೊನ್ನೆಯಲ್ಲಿರುತ್ತದೆ. 100ನ್ನು ಅಡ್ಡಕ್ಕೆ ಎಳೆ, 207ನ್ನು ಅದಕ್ಕೆ ಲಂಬವಾಗಿ ಎಳೆ, ಕರ್ಣವನ್ನು ಅಳೆ. 230 ಬರುತ್ತದೆ. ಪೈಥಾಗೊರಸ್ ಪ್ರಮೇಯವನ್ನು ಹೈಸ್ಕೂಲಿನಲ್ಲೇ ಕಲಿತವಳು ನೀನು.

ಕಾಯಿಲಿನ ಸ್ವಭಾವ ಇದಕ್ಕೆ ತಿರುಗುಮುರುಗು. ಪ್ರವಾಹ ಬದಲಾಗುವುದೇ ಅದಕ್ಕೆ ಆಗಿಬರುವುದಿಲ್ಲ. ವೋಲ್ಟೇಜು ಮೊದಲು ಬಂದು ತಳ್ಳುತ್ತದೆ, ಪ್ರವಾಹ ಕಾಲು ಸುತ್ತು ತಡವಾಗಿ ಬರುತ್ತದೆ. ಯಾವುದರಲ್ಲಿ ಯಾವುದು ಮುಂದೆ ಎಂದು ನೆನಪಿಡಲು ನಿಮಗೆ ‘ಸಿವಿಲ್’ (CIVIL) ಎಂಬ ಪದ ಹೇಳಿಕೊಟ್ಟಿರಬಹುದು: C ಎಂಬ ಕೆಪಾಸಿಟರಿನಲ್ಲಿ I ಎಂಬ ಪ್ರವಾಹ V ಎಂಬ ವೋಲ್ಟೇಜಿಗಿಂತ ಮುಂದೆ, L ಎಂಬ ಕಾಯಿಲಿನಲ್ಲಿ V ಮುಂದೆ. ಇರಲಿ, ಪರೀಕ್ಷೆಯ ಹಿಂದಿನ ರಾತ್ರಿ ಅದು ಉಪಯೋಗಕ್ಕೆ ಬರುತ್ತದೆ. ನನಗೇನೋ ಜೋಕಾಲಿಯ ಮೇಲೇ ಹೆಚ್ಚು ನಂಬಿಕೆ.

ಆದ್ದರಿಂದ ಪ್ರಶ್ನೆ ಓದಿದ ಕೂಡಲೇ ಸೂತ್ರಕ್ಕೆ ಕೈ ಹಾಕಬೇಡ, ಮೊದಲು ಫೇಸರ್ ಚಿತ್ರ, ಅಂದರೆ ಪ್ರವಾಹವನ್ನೂ ವೋಲ್ಟೇಜುಗಳನ್ನೂ ಬಾಣಗಳಾಗಿ ಎಳೆದ ಚಿತ್ರ, ಬರೆ. ಸರಣಿಯಲ್ಲಿ ಎಲ್ಲದರ ಪ್ರವಾಹವೂ ಒಂದೇ, ಅದನ್ನು ಅಡ್ಡಕ್ಕೆ ಎಳೆ. ರೋಧದ ವೋಲ್ಟೇಜು ಅದರ ಮೇಲೆಯೇ, ಕಾಯಿಲಿನದು ಮೇಲಕ್ಕೆ, ಕೆಪಾಸಿಟರಿನದು ಕೆಳಕ್ಕೆ. ಮೇಲಿನದೂ ಕೆಳಗಿನದೂ ಒಂದೇ ಗೆರೆಯಲ್ಲಿರುವುದರಿಂದ ಕಳೆಯುತ್ತೇವೆ. ರೋಧ ಲಂಬಕ್ಕಿರುವುದರಿಂದ ವರ್ಗ ಮಾಡಿ ಕೂಡಿಸಿ ಮೂಲ ತೆಗೆಯುತ್ತೇವೆ. ಸೂತ್ರವೆಂದರೆ ಆ ಚಿತ್ರವೇ.

ಈಗ ನಿನ್ನ ಲೆಕ್ಕಕ್ಕೇ ಬಾ. 220 ವೋಲ್ಟ್, 50 ಹರ್ಟ್ಸ್, ರೋಧ 30 ಓಮ್, ಕಾಯಿಲು 0.2 ಹೆನ್ರಿ, ಕೆಪಾಸಿಟರ್ 100 ಮೈಕ್ರೋಫ್ಯಾರಡ್. ರಿಯಾಕ್ಟೆನ್ಸ್ 62.8 ಮತ್ತು 31.8, ವ್ಯತ್ಯಾಸ 31. ಇಂಪೀಡೆನ್ಸ್, ಅಂದರೆ ಮಂಡಲದ ಒಟ್ಟು ತಡೆ, 61 ಅಲ್ಲ, 43.1 ಓಮ್. ಪ್ರವಾಹ 5.1 ಆಂಪಿಯರ್. ಇಲ್ಲಿಗೇ ನಿಲ್ಲಿಸದೆ ಒಂದೊಂದರ ವೋಲ್ಟೇಜನ್ನೂ ತೆಗೆದು ನೋಡು: ರೋಧಕ್ಕೆ 153, ಕೆಪಾಸಿಟರಿಗೆ 162, ಕಾಯಿಲಿಗೆ 320. ಕೊಟ್ಟದ್ದು 220, ಕಾಯಿಲಿನ ಮೇಲೆ 320! ಇದನ್ನು ನೋಡಿ ಹೆದರಿ, ಸರಿಯಾದ ಉತ್ತರವನ್ನೇ ಹೊಡೆದುಹಾಕುವ ಮಕ್ಕಳಿದ್ದಾರೆ. ನೀನು ಹೊಡೆದುಹಾಕಬೇಡ.

ಸಾಮರ್ಥ್ಯ ಕೇಳಿದರೆ ಎರಡು ದಾರಿಯಲ್ಲೂ ಮಾಡು. ಪವರ್ ಫ್ಯಾಕ್ಟರ್, ಅಂದರೆ ರೋಧವನ್ನು ಇಂಪೀಡೆನ್ಸಿನಿಂದ ಭಾಗಿಸಿದ್ದು, ಇಲ್ಲಿ ಸುಮಾರು 0.695. ವೋಲ್ಟೇಜು, ಪ್ರವಾಹ, ಪವರ್ ಫ್ಯಾಕ್ಟರ್ ಮೂರನ್ನೂ ಗುಣಿಸಿದರೆ 780 ವಾಟ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೂ 780. ಎರಡೂ ತಾಳೆಯಾದರೆ ನೆಮ್ಮದಿಯಿಂದ ಮುಂದಿನ ಪ್ರಶ್ನೆಗೆ ಹೋಗು. ಅನುರಣನದ ಆವರ್ತನ ಕೇಳಿದರೆ 35.6 ಹರ್ಟ್ಸ್, ಅಲ್ಲಿ ಕಾಯಿಲೂ ಕೆಪಾಸಿಟರೂ ಒಂದನ್ನೊಂದು ಅಳಿಸಿಹಾಕಿ ಬರೀ 30 ಓಮ್ ಉಳಿಯುತ್ತದೆ, ಪ್ರವಾಹ 7.3 ಆಂಪಿಯರಿಗೆ ಏರುತ್ತದೆ. ಹೊತ್ತು ತಪ್ಪದೆ ನೂಕಿದರೆ ಜೋಕಾಲಿ ಏರುತ್ತದಲ್ಲ, ಅದೇ.

ಬೇರೆ ಪುಟಗಳಲ್ಲಿ ನೀನು ಕಳೆದುಕೊಂಡ ಅಂಕಗಳು ಅವಸರದವು. ಒಂದು ಕಡೆ ಮಿಲಿಹೆನ್ರಿಯನ್ನು ಹೆನ್ರಿ ಮಾಡಿಲ್ಲ. ಇನ್ನೊಂದು ಕಡೆ ‘311 ಸೈನ್ 314 ಟಿ’ ಎಂದು ಕೊಟ್ಟರೆ 311ನ್ನೇ ಆರ್‌ಎಂಎಸ್ ಎಂದು ಹಿಡಿದಿದ್ದೀಯ. ಅದು ಗರಿಷ್ಠ ಮೌಲ್ಯ; 1.414ರಿಂದ ಭಾಗಿಸಿದರೆ ಬರುವ 220 ಆರ್‌ಎಂಎಸ್, ಮೀಟರು ತೋರಿಸುವುದು ಅದನ್ನೇ. ಆ 314ನ್ನು ಎರಡು ಪೈಯಿಂದ ಭಾಗಿಸಿದರೆ 50 ಹರ್ಟ್ಸ್. ಫ್ಯಾನಿನ ಕಂಡೆನ್ಸರ್ ಮೇಲೆ 440 ವೋಲ್ಟ್ ಎಂದು ಏಕೆ ಬರೆದಿರುತ್ತಾರೆ ಎಂದು ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ನಮ್ಮ ಮನೆಯ 230 ವೋಲ್ಟಿನ ಅಲೆ ಪ್ರತಿ ಸಲವೂ 325ರ ತನಕ ಏರಿ ಇಳಿಯುತ್ತದೆ. ಅದನ್ನು ತಡೆದುಕೊಂಡು ಮೇಲೂ ಒಂದಷ್ಟು ತಾಳಿಕೆ ಇರಲಿ ಎಂದು.

ಪವರ್ ಫ್ಯಾಕ್ಟರ್ ಎಂದರೆ ಬಾಯಿಪಾಠದ ಸಾಲು ಎಂದುಕೊಳ್ಳಬೇಡ. ಕಬ್ಬಿನ ಗದ್ದೆಯ ಪಂಪ್‌ಸೆಟ್ ಮೋಟಾರು ಒಳಗೆಲ್ಲ ಕಾಯಿಲೇ. ಅದು ಎಳೆಯುವ ಪ್ರವಾಹದಲ್ಲಿ ಒಂದು ಪಾಲು ನೀರೆತ್ತುವುದೇ ಇಲ್ಲ. ಸುಮ್ಮನೆ ತಂತಿಯಲ್ಲಿ ಹೋಗಿ ಬಂದು ತಂತಿಯನ್ನು ಬಿಸಿ ಮಾಡುತ್ತದೆ. ಮೋಟಾರಿಗೆ ಸಮಾಂತರವಾಗಿ ಸರಿಯಾದ ಕೆಪಾಸಿಟರ್ ಕೂರಿಸಿದರೆ ಆ ಪಾಲು ಅವೆರಡರ ನಡುವೆಯೇ ಸುತ್ತುತ್ತದೆ, ಲೈನಿನ ಆಂಪಿಯರ್ ಇಳಿಯುತ್ತದೆ. ಕ್ಲ್ಯಾಂಪ್ ಮೀಟರಿನಲ್ಲಿ ಮುಳ್ಳು ಇಳಿಯುವುದನ್ನು ತೋರಿಸಿದರೂ ಕೆಲವು ರೈತರು ಆ ಡಬ್ಬಿಯನ್ನು ಕಿತ್ತು ಮೂಲೆಗೆ ಎಸೆಯುತ್ತಾರೆ. ಅವರ ಜೊತೆ ವಾದಿಸಿ ಸಾಕಾಗಿದೆ.

ಟ್ರಾನ್ಸ್‌ಫಾರ್ಮರ್ ಪ್ರಶ್ನೆಗೆ ನಿನ್ನ ಉತ್ತರ ಚೆನ್ನಾಗಿದೆ. ತಿರುಳು ಕಬ್ಬಿಣವನ್ನು ತೆಳು ಹಾಳೆಗಳಲ್ಲಿ ಏಕೆ ಜೋಡಿಸುತ್ತಾರೆ ಎಂಬುದೊಂದನ್ನು ಸೇರಿಸು. ನಾವು ಸ್ಟ್ಯಾಂಪಿಂಗ್ ಎನ್ನುವುದು ಅದನ್ನೇ. ಹಾಳೆಗಳ ನಡುವೆ ವಾರ್ನಿಷ್ ಇರುವುದರಿಂದ ಕಬ್ಬಿಣದೊಳಗೇ ಸುತ್ತಿ ಅದನ್ನು ಬಿಸಿ ಮಾಡುವ ಸುಳಿಪ್ರವಾಹ ದೊಡ್ಡದಾಗಿ ಸುತ್ತಲಾರದು.

ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಅಲ್ಲಿ ಚಿತ್ರ ಬರೆಯಲು ಪುರಸೊತ್ತಿಲ್ಲ, ಚಿತ್ರ ತಲೆಯಲ್ಲೇ ಇರಬೇಕು. ಬಲ್ಬಿನ ಜೊತೆ ಸರಣಿಯಲ್ಲಿರುವ ಕಾಯಿಲಿನೊಳಗೆ ಕಬ್ಬಿಣದ ಸರಳು ತೂರಿಸಿದರೆ ಏನಾಗುತ್ತದೆ? ಮಂದವಾಗುತ್ತದೆ. ಬಲ್ಬಿನ ಜೊತೆ ಕೆಪಾಸಿಟರ್ ಇಟ್ಟು ಆವರ್ತನ ಹೆಚ್ಚಿಸಿದರೆ? ಹೊಳಪು ಏರುತ್ತದೆ. ಇಂಥವಕ್ಕೆ ಪೆನ್ನು ಎತ್ತಬೇಡ.

ಭಾನುವಾರ ಅಕ್ಕ ವಿಜಯಪುರಕ್ಕೆ ಬರುತ್ತಾಳೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಳಿಸುತ್ತಿದ್ದೇವೆ. ಕೋಣೆಯ ಹುಡುಗಿಯರಿಗೂ ಕೊಡು. ಅವಳ ಕೈಯಲ್ಲಿ ನನಗೆ ಒಂದು ಉತ್ತರ ಬರೆದು ಕಳಿಸಬೇಕು. ನಾನು ಅಳೆದ 207 ವೋಲ್ಟಿನಿಂದ ಕಂಡೆನ್ಸರಿನ ಪ್ರವಾಹ ಕಂಡುಹಿಡಿ. ಅದೇ ಪ್ರವಾಹ ಬಲ್ಬಿನಲ್ಲೂ ಹರಿಯುತ್ತದೆ, ಅದರಿಂದ ಬಲ್ಬಿನ ರೋಧ ತೆಗೆ. ಸುಮಾರು 615 ಓಮ್ ಬರುತ್ತದೆ. ಆದರೆ 230 ವೋಲ್ಟಿಗೆ 60 ವಾಟ್ ಎಂಬ ಲೆಕ್ಕದಿಂದ ಹೋದರೆ ಅದೇ ಬಲ್ಬಿನ ರೋಧ 882 ಓಮ್. ಮೀಟರು ಸರಿಯಾಗಿದೆ, ಬಲ್ಬೂ ಅದೇ. ಅಂಗಡಿಯ ಹುಡುಗ ನಿನ್ನೆಯಿಂದ ಇದಕ್ಕೇ ತಲೆ ಕೆಡಿಸಿಕೊಂಡಿದ್ದಾನೆ. ನೀನೇ ಹೇಳಲಿ ಎಂದು ನಾನು ಅವನಿಗೆ ಹೇಳಿಲ್ಲ.

ಇಂತು ನಿನ್ನ ಸೋದರಮಾವ