ಪಂದ್ಯಕ್ಕೋಸ್ಕರ ಮಕ್ಕಳಿಗೆ ನೀರು ಬಿಡಿಸಬೇಡಿ

ಮಾನ್ಯ ಸಂಪಾದಕರೇ,

ನನ್ನ ಮಗನಿಗೆ 19 ವರ್ಷ. ಉಡುಪಿಯ ಒಂದು ಜಿಮ್‌ನಲ್ಲಿ ಎರಡು ವರ್ಷದಿಂದ ಎಂಎಂಎ, ಅಂದರೆ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ ಕಲಿಯುತ್ತಿದ್ದಾನೆ. ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲ ಸೇರಿದ ಹೊಡೆದಾಟದ ಆಟ ಅದು. ಕಳೆದ ಏಪ್ರಿಲ್‌ನಲ್ಲಿ ಒಂದು ಪಂದ್ಯಕ್ಕೆ ಹೆಸರು ಕೊಟ್ಟ. ಅವನ ತೂಕ 71 ಕಿಲೋ, ಹೆಸರು ಕೊಟ್ಟದ್ದು 65.8 ಕಿಲೋ ವಿಭಾಗಕ್ಕೆ. ಒಂದೇ ವಾರದಲ್ಲಿ ಐದು ಕಿಲೋಗಿಂತ ಜಾಸ್ತಿ ಇಳಿಸಬೇಕು. ಮೊದಲು ಅನ್ನ ಬಿಟ್ಟ, ಆಮೇಲೆ ಉಪ್ಪು ಬಿಟ್ಟ, ಕೊನೆಯ ಎರಡು ದಿನ ನೀರೂ ಇಲ್ಲ. ಮೈಮೇಲೆ ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ನಡು ಮಧ್ಯಾಹ್ನ ಮಲ್ಪೆಯ ಹೊಯ್ಗೆಯಲ್ಲಿ ಓಡಿದ. ನಮ್ಮ ಏಪ್ರಿಲ್ ಸೆಖೆ ಗೊತ್ತಲ್ವಾ, ಸುಮ್ನೆ ಕೂತರೂ ಬೆವರು ಇಳಿಯುತ್ತದೆ. ತೂಕ ನೋಡುವ ದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ. ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿತ್ತು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆಯೇ ಸರಿಯಾಗಿ ಮಾತಾಡಿದ್ದು. ಕೋಚ್ ಹತ್ತಿರ ಕೇಳಿದರೆ, "ಎಲ್ಲರೂ ಮಾಡ್ತಾರೆ ಅಮ್ಮ, ಇದು ಮಾಮೂಲಿ" ಅಂದರು.

ನೆಂಟರೆಲ್ಲ ಈ ಹೊಡೆದಾಟವೇ ಬೇಡ, ಬಿಡಿಸಿ ಅಂದರು. ನನಗೆ ಹಾಗೆ ಅನಿಸುವುದಿಲ್ಲ. ಕೋಟಿ ಚೆನ್ನಯರ ಗರಡಿಗೆ ಕೈ ಮುಗಿಯುವ ಊರು ನಮ್ಮದು, ಮೈ ಪಳಗಿಸುವುದು ಇಲ್ಲಿ ಯಾರಿಗೂ ಹೊಸತಲ್ಲ. 2024ರಲ್ಲಿ ಪೂಜಾ ತೋಮರ್ ಈ ಆಟದ ದೊಡ್ಡ ಅಮೆರಿಕನ್ ಪಂದ್ಯಕೂಟವಾದ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯಳಾದಾಗ ನನ್ನ ಮಗ ಮನೆ ತುಂಬ ಕುಣಿದಿದ್ದ.

ಅವನ ಜೊತೆ ಕೂತು ಈ ಆಟದ ಕಥೆ ನಾನೂ ತಿಳಿದುಕೊಂಡೆ. ಕ್ರಿ.ಪೂ. 648ರಲ್ಲೇ ಗ್ರೀಕರ ಒಲಿಂಪಿಕ್ಸ್‌ನಲ್ಲಿ ಪಂಕ್ರೇಶನ್ ಅಂತ ಒಂದು ಹೊಡೆದಾಟದ ಆಟ ಇತ್ತು. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು, ಉಳಿದದ್ದೆಲ್ಲ ನಡೆಯುತ್ತಿತ್ತು. ಈಗಿನ ಆಟಕ್ಕೆ ದಾರಿಯಾದದ್ದು ಜಪಾನಿನ ಮಿತ್ಸುಯೊ ಮಯೇದಾ ಬ್ರೆಜಿಲ್‌ಗೆ ಕೊಂಡು ಹೋದ ಜೂಡೋ. ಅದನ್ನು ಅಲ್ಲಿನ ಗ್ರೇಸಿ ಮನೆಯವರು ಕಲಿತು ತಮ್ಮದೇ ರೀತಿಯಲ್ಲಿ ಬೆಳೆಸಿದರು. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ತೂಕದ ವಿಭಾಗವೇ ಇರಲಿಲ್ಲ. ನೂರು ಕಿಲೋ ಒಳಗಿನವನ ಎದುರು 180 ಕಿಲೋ ಮೀರಿದ ಸುಮೋ ಪೈಲ್ವಾನ! 80 ಕಿಲೋ ಆಸುಪಾಸಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ. ಜಾನ್ ಮೆಕೇನ್ ಎಂಬ ಸೆನೆಟರ್ ಇದನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದು ನಿಲ್ಲಿಸಲು ಹೊರಟರು. ಅಂಥ ಟೀಕೆಗಳ ನಡುವೆಯೇ 1997ರಲ್ಲಿ ತೂಕದ ವಿಭಾಗ ಬಂತು, ಆಮೇಲೆ ಗ್ಲೌಸು, ಐದೈದು ನಿಮಿಷದ ಸುತ್ತು, ಒಂದೊಂದೇ ನಿಯಮ.

ಸಣ್ಣವನನ್ನು ದೊಡ್ಡವನಿಂದ ಕಾಪಾಡಲಿಕ್ಕೆ ಬಂದ ನಿಯಮ ಅದು. ಈಗ ದೊಡ್ಡವನೇ ಒಣಗಿ ಸಣ್ಣವನ ವಿಭಾಗಕ್ಕೆ ನುಗ್ಗುತ್ತಾನೆ, ತೂಕ ಮುಗಿದ ಕೂಡಲೇ ನೀರು ಕುಡಿದು, ಉಂಡು, ಮರುದಿನ ಮತ್ತೆ ದೊಡ್ಡವನಾಗಿ ಪಂದ್ಯಕ್ಕೆ ಇಳಿಯುತ್ತಾನೆ. ಎದುರಿನವನೂ ಅದನ್ನೇ ಮಾಡಿರುತ್ತಾನೆ. ಹಾಗಾದರೆ ಇಬ್ಬರಿಗೂ ಎಂತ ಲಾಭ ಹೇಳಿ? ಕಳೆದುಕೊಂಡ ನೀರು ಒಂದು ದಿನದಲ್ಲಿ ಪೂರ್ತಿ ತುಂಬುವುದಿಲ್ಲ, ಕಿಡ್ನಿಗೂ ಹೃದಯಕ್ಕೂ ಪೆಟ್ಟು, ಅದೇ ಸ್ಥಿತಿಯಲ್ಲಿ ತಲೆಗೆ ಏಟು ತಿನ್ನಬೇಕು. 2015ರ ಡಿಸೆಂಬರ್‌ನಲ್ಲಿ ಚೀನಾದ ಆಟಗಾರ ಯಾಂಗ್ ಜಿಯಾನ್ ಬಿಂಗ್ ಮನಿಲಾದಲ್ಲಿ ಹೀಗೆ ತೂಕ ಇಳಿಸುವಾಗ ಕುಸಿದು ತೀರಿಕೊಂಡ. 21 ವರ್ಷ, ನನ್ನ ಮಗನಿಗಿಂತ ಎರಡೇ ವರ್ಷ ದೊಡ್ಡವ. ಅದಾದ ಮೇಲೆ ಆ ಪಂದ್ಯ ನಡೆಸುವ ಒನ್ ಚಾಂಪಿಯನ್‌ಶಿಪ್‌ನವರು ಮೈಯಲ್ಲಿ ನೀರು ಸಾಕಷ್ಟು ಉಂಟಾ ಅಂತ ಮೂತ್ರ ಪರೀಕ್ಷೆ ಮಾಡುವ ನಿಯಮ ತಂದರು.

ನಮ್ಮ ಜಿಲ್ಲೆಯಲ್ಲಿ ಪಂದ್ಯ ನಡೆಸುವವರೂ ಆ ಪರೀಕ್ಷೆ ಇಡಲಿ. ಅದೇನೂ ದೊಡ್ಡ ಖರ್ಚಲ್ಲ. ತೂಕ ನೋಡುವಲ್ಲಿ ಒಬ್ಬರು ಡಾಕ್ಟರ್ ಇರಲಿ. ಹುಡುಗ ಯಾವ ವಿಭಾಗದಲ್ಲಿ ಆಡುತ್ತಾನೆ ಅಂತ ಜಿಮ್‌ನವರು ಒಂದು ತಿಂಗಳು ಮೊದಲೇ ಮನೆಯವರಿಗೆ ಹೇಳಲಿ. ನನಗೆ ಗೊತ್ತಾದದ್ದು ಅವನು ಊಟ ಬಿಟ್ಟ ಮೇಲೆ.

ಮಗ ಈಗ ಮತ್ತೆ ಜಿಮ್‌ಗೆ ಹೋಗುತ್ತಿದ್ದಾನೆ. ಮುಂದಿನ ಪಂದ್ಯ 70.3 ಕಿಲೋ ವಿಭಾಗದಲ್ಲಿ. ತೂಕ ನೋಡಲಿಕ್ಕೆ ಗಂಜಿ ಕುಡಿದೇ ಹೋಗುತ್ತೇನೆ ಅಂತ ನನಗೆ ಮಾತು ಕೊಟ್ಟಿದ್ದಾನೆ.

– ಒಬ್ಬ ತಾಯಿ, ಮಲ್ಪೆ, ಉಡುಪಿ