ಶಿವುಗೊಂದು ಪತ್ರ: ಆ ಖಳನಾಯಕರ ಪೆಟ್ಟಿಗೆ ವಿಚಾರ

ಲೋ ಶಿವು,

ಕಾಮಿಕ್ಸ್ ಖಳನಾಯಕರ ಹಳೇ ಗೊಂಬೆಗಳ ಪೆಟ್ಟಿಗೆ ಮಾರಾಟಕ್ಕಿದೆ, ಯಾವುದನ್ನ ಕೊಳ್ಳಲಿ ಅಂತ ಕೇಳಿ ನೀನು ಕಳಿಸಿದ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ಮಾಡಿ ನೋಡಿದೆ ಕಣೋ. ಡಾರ್ಕ್‌ಸೈಡ್‌ನ ಯಾವ ಕಾರಣಕ್ಕೂ ಬಿಡಬೇಡ. ಜೋಕರ್‌ಗೆ ಚೌಕಾಸಿ ಮಾಡು. ಗ್ರೀನ್ ಗಾಬ್ಲಿನ್ ಒಬ್ಬನ ಮೇಲೆ ನನಗೆ ಅನುಮಾನ, ಅವನಿಗೆ ಮಾತ್ರ ಈಗಲೇ ದುಡ್ಡು ಹಾಕಬೇಡ. ಫೋನಲ್ಲಿ ಶುರು ಮಾಡಿದರೆ ನೀನು ಅರ್ಧಕ್ಕೇ ಟೊಮೊಟೊ ಲಾರಿ ಕಥೆ ತೆಗೀತೀಯ, ಅದಕ್ಕೇ ಬರೀತಿದ್ದೀನಿ. ಇದೇ ಪ್ರಶ್ನೆ ಕೇಳಿದವರು ಇನ್ನೂ ಕೆಲವರಿದ್ದಾರೆ, ಅವರೂ ಓದಿಕೊಳ್ಳಲಿ ಅಂತ ಎಲ್ಲರ ಮುಂದೆ ಹಾಕ್ತಿದ್ದೀನಿ.

ಡಾರ್ಕ್‌ಸೈಡ್ ಮತ್ತು ಜೋಕರ್ ಇಬ್ಬರೂ ಕೆನ್ನರ್ ಕಂಪನಿಯ ಸೂಪರ್ ಪವರ್ಸ್ ಸಾಲಿನವರು. 1984ರಿಂದ 1986ರವರೆಗೆ ಬಂದ ಸಾಲು ಅದು. ಜೋಕರ್‌ನ ಎರಡೂ ಕಾಲು ಸೇರಿಸಿ ಒತ್ತಿದರೆ ಕೈ ಆಡಬೇಕು. ಆಡದಿದ್ದರೆ ಒಳಗಿನ ಯಂತ್ರ ಹೋಗಿದೆ ಅಂತ ಲೆಕ್ಕ. ಅವನ ಕೈಯಲ್ಲೊಂದು ಸುತ್ತಿಗೆ ಇರಬೇಕಿತ್ತು, ನಿನ್ನ ಫೋಟೋದಲ್ಲಿ ಇಲ್ಲ. ಹೊಸದಾಗಿ ಅಚ್ಚು ಹಾಕಿದ ಸುತ್ತಿಗೆ ಕೊಟ್ಟು ‘ಒರಿಜಿನಲ್ ಸಾರ್’ ಅನ್ನೋರಿದ್ದಾರೆ, ಹುಷಾರು. ಡಾರ್ಕ್‌ಸೈಡ್‌ನ ತಲೆಯ ಹಿಂಭಾಗಕ್ಕೆ ಟಾರ್ಚ್ ಹಿಡಿ, ಬೆಳಕು ಒಳಗಿಂದ ಹಾಯ್ದು ಕಣ್ಣು ಕೆಂಪಗೆ ಉರಿಯಬೇಕು. ಬ್ಯಾಟರಿ ಇಲ್ಲ, ವೈರ್ ಇಲ್ಲ, ಬರೀ ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಮಾಡಿದ ಕೆಲಸ. 1970ರಲ್ಲಿ ಈ ಪಾತ್ರ ಹುಟ್ಟಿಸಿದ ಜಾಕ್ ಕರ್ಬಿಯವರೇ ಈ ಗೊಂಬೆಗಳಿಗಾಗಿ ತಮ್ಮ ಪಾತ್ರಗಳನ್ನು ಮತ್ತೆ ವಿನ್ಯಾಸ ಮಾಡಿಕೊಟ್ಟರು, ಅದರಿಂದ ಅವರಿಗೆ ರಾಯಲ್ಟಿಯೂ ಬಂತು. ಅಷ್ಟೊಂದು ಪಾತ್ರ ಕೊಟ್ಟ ಮನುಷ್ಯನ ಕೈಗೆ ಗೊಂಬೆಯಿಂದ ದುಡ್ಡು ಸೇರಿತಲ್ಲ, ನನಗೆ ಅದೇ ಒಂದು ಸಮಾಧಾನ.

ಸೀಲ್ ಒಡೆಯದ ಪೀಸ್ ಅಂದರೆ ಕಣ್ಣು ಮುಚ್ಚಿ ಹೆಚ್ಚು ಬೆಲೆ ಕೊಡ್ತಾರೆ. ಗೊಂಬೆಯ ಹಿಂದಿರೋ ಕಾರ್ಡಿನ ಮೇಲೆ ಅಂಗಡಿ ಕೊಕ್ಕೆಗೆ ನೇತು ಹಾಕೋ ತೂತು ಕೂಡ ಬಿಚ್ಚಿರಬಾರದು, ಅಂಥದ್ದಕ್ಕೆ ಇನ್ನೂ ಹೆಚ್ಚು. ಆದರೆ ಪ್ಲಾಸ್ಟಿಕ್ಕಿಗೆ ಈ ಲೆಕ್ಕವೆಲ್ಲ ಗೊತ್ತಿಲ್ಲ. ಪಿವಿಸಿ ಅನ್ನೋ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ರಾಸಾಯನಿಕ ವರ್ಷಗಳು ಕಳೆದ ಹಾಗೆ ಮೇಲಕ್ಕೆ ಬರುತ್ತೆ. ನನ್ನ ಹತ್ತಿರದ ಆರಿಂಚಿನ ಡಾಕ್ಟರ್ ಡೂಮ್ ಅನ್ನೋ ಖಳನ ಹಸಿರು ಮೇಲಂಗಿಯನ್ನು ಮೊನ್ನೆ ಮುಟ್ಟಿದರೆ ಜೋನಿ ಬೆಲ್ಲದ ಹಾಗೆ ಬೆರಳಿಗೆ ಅಂಟಿತು, ಮಡಿಕೆಯೊಳಗೆ ಧೂಳು ಕಪ್ಪಗೆ ಗೆರೆ ಕಟ್ಟಿತ್ತು. ಬಿಚ್ಚಿಟ್ಟ ಗೊಂಬೆಯಾದರೆ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಮೆಲ್ಲಗೆ ತೊಳೆದು ನೆರಳಲ್ಲಿ ಒಣಗಿಸಬಹುದು. ಕಾರ್ಡಿಗೆ ಅಂಟಿಸಿದ ಪಾರದರ್ಶಕ ಪ್ಲಾಸ್ಟಿಕ್ ಬಬಲ್ ಒಳಗಿದ್ದರೆ ಏನು ಮಾಡ್ತೀಯ? ಅಲ್ಲೇ ಬೆವರುತ್ತೆ, ಅಲ್ಲೇ ಕೂತಿರುತ್ತೆ. ಅದಕ್ಕೇ ಹೇಳೋದು, ಸೀಲ್ ಪೀಸ್ ತಗೊಂಡರೆ ಬಬಲ್ ಹಳದಿಯಾಗಿದೆಯಾ ಅಂತ ನೋಡೋ ಜೊತೆಗೆ ಗೊಂಬೆಯ ಮೈ ಮಿರುಗ್ತಿದೆಯಾ ಅಂತಲೂ ನೋಡು. ಹಳೇ ಗೊಂಬೆಗೆ ಬರಬಾರದ ಹೊಳಪು ಅದು. ಮತ್ತೆ ಬಿಗಿಯಾದ ಕೀಲನ್ನು ಬಲವಂತವಾಗಿ ತಿರುಗಿಸಬೇಡ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಆಡಿಸು.

ಇಷ್ಟೆಲ್ಲ ಆದಮೇಲೂ ನಾನು ಖಳನ ಗೊಂಬೆಯಲ್ಲಿ ಮೊದಲು ನೋಡೋದು ಮುಖ. ಅಮೆರಿಕದಲ್ಲಿ ಎಎಫ್ಎ ಅಂತ ಸಂಸ್ಥೆ ಇದೆ, ಗೊಂಬೆಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟು ಅಕ್ರಿಲಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತೆ. ಕಾರ್ಡ್ ನೋಡ್ತಾರೆ, ಬಬಲ್ ನೋಡ್ತಾರೆ, ಗೊಂಬೆಯ ಬಣ್ಣ ನೋಡ್ತಾರೆ. ಮುಖಭಾವಕ್ಕೆ ಅಂಕ ಇಲ್ಲ. ನನ್ನ ಪ್ರಕಾರ ಖಳನ ಬೆಲೆಯೆಲ್ಲ ಅಲ್ಲೇ ಇರೋದು. ಹಲ್ಲು ಕಿರಿದು ಹುಬ್ಬು ಗಂಟಿಕ್ಕಿದವನು ಯಾವ ಅಚ್ಚಿನಲ್ಲಾದರೂ ಬರ್ತಾನೆ. ತಾನು ಮಾಡ್ತಿರೋದೇ ನ್ಯಾಯ ಅಂತ ನಂಬಿದವನ ಮುಖ ಮಾಡೋದು ಕಷ್ಟ.

ಚಾಮುಂಡಿ ಬೆಟ್ಟದ ಮಹಿಷಾಸುರನ್ನ ನೆನಪಿಸಿಕೋ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ಆ ಮೀಸೆ, ಆ ಕಣ್ಣು. ನಿಂತಿರೋ ನಿಲುವಲ್ಲಿ ತಪ್ಪಿತಸ್ಥನ ಲಕ್ಷಣ ಒಂದಾದರೂ ಇದೆಯಾ? ಬಂದವರೆಲ್ಲ ಅವನ ಮುಂದೇ ನಿಂತು ಫೋಟೋ ತೆಗೆಸಿಕೊಳ್ತಾರೆ. ಅದೇ ಮಹಿಷ ದಸರಾದಲ್ಲಿ ಬೊಂಬೆ ಕೂರಿಸಿದಾಗ ದೇವಿಯ ಕಾಲಡಿ ಬಿದ್ದು ಬಾಯಿ ತೆರೆದಿರ್ತಾನೆ. ಒಬ್ಬನೇ ಖಳ, ಒಂದೇ ಊರು, ಎರಡು ಕೆತ್ತನೆ. ಬೆಟ್ಟದವನು ಅವನ ಕಣ್ಣಲ್ಲಿ ಅವನು, ಮೆಟ್ಟಿಲ ಮೇಲಿನವನು ಗೆದ್ದವರ ಕಣ್ಣಲ್ಲಿ ಅವನು. ಹೋದ ವರ್ಷ ನಮ್ಮತ್ತೆ ಬೊಂಬೆ ಮೆಟ್ಟಿಲ ಮೇಲೆ ರಾವಣನ ಪಕ್ಕ ನನ್ನ ಡೂಮ್‌ನನ್ನೂ ಕೂರಿಸಿದರು. ‘ಇವನೂ ರಾಜನಂತಲ್ಲಪ್ಪ, ಇರಲಿ’ ಅಂದರು. ಹೌದು, ಲ್ಯಾಟ್ವೇರಿಯಾ ಅನ್ನೋ ಕಲ್ಪನೆಯ ದೇಶದ ರಾಜ. 1962ರಲ್ಲಿ ಫೆಂಟಾಸ್ಟಿಕ್ ಫೋರ್ ಕಾಮಿಕ್ಸ್‌ನ ಐದನೇ ಸಂಚಿಕೆಯಲ್ಲಿ ಬಂದವನು. ಓದೋ ಕಾಲದಲ್ಲಿ ಅವನು ಕಟ್ಟಿದ ಯಂತ್ರದ ಲೆಕ್ಕ ತಪ್ಪಿದೆ ಅಂತ ಆ ಕಥೆಯ ನಾಯಕ ರೀಡ್ ರಿಚರ್ಡ್ಸ್ ಮೊದಲೇ ಹೇಳಿದ್ದ. ಕೇಳಲಿಲ್ಲ, ಯಂತ್ರ ಸಿಡಿದು ಮುಖ ಕೆಟ್ಟಿತು. ಆಮೇಲೆ ಜೀವಮಾನವೆಲ್ಲ ರೀಡ್‌ನನ್ನೇ ದೂರ್ತಾನೆ. ಲೋಹದ ಮುಖವಾಡದ ಸೀಳಿನ ಹಿಂದೆ ಎರಡು ಕಣ್ಣು ಬಿಟ್ಟರೆ ಮುಖ ಮಾಡೋನಿಗೆ ಬೇರೆ ಜಾಗವೇ ಇಲ್ಲ. ಆ ಎರಡು ಚುಕ್ಕಿ ಬಣ್ಣದಲ್ಲಿ ‘ನಾನೇ ಸರಿ’ ಅನ್ನೋದು ಕಾಣಬೇಕು. ನನ್ನ ಡೂಮ್‌ನಲ್ಲಿ ಕಾಣುತ್ತೆ.

ಆ ಕಣ್ಣನ್ನ ನಾನು ಇತ್ತೀಚೆಗೆ ಸಲೀಸಾಗಿ ನೋಡಕ್ಕಾಗ್ತಿಲ್ಲ ಶಿವು.

ಅಪ್ಪ ಹೋದಮೇಲೆ ನಾಲೆ ಬಯಲಿನ ಗದ್ದೆ ಭಾಗದ ಮಾತು ನಡೀತಿದೆ ಅಂತ ನಿನಗೆ ಗೊತ್ತು. ಊರಲ್ಲಿ ದೊಡ್ಡಪ್ಪನ ಮನೆ ಜಗಲಿ ಮೇಲೆ ಕೂತಿದ್ವಿ. ನಾನು ಪಹಣಿ, ಹಳೇ ಕ್ರಯಪತ್ರ ಎಲ್ಲ ಫೈಲ್ ಮಾಡಿಕೊಂಡು ಹೋಗಿದ್ದೆ, ಒಂದೊಂದೇ ತೆಗೆದು ಓದಿ ಹೇಳ್ತಿದ್ದೆ. ನಡುವೆ ತಲೆಯೆತ್ತಿ ತಮ್ಮನ ಮುಖ ನೋಡಿದೆ. ಸಿಟ್ಟಿರುತ್ತೆ ಅಂದುಕೊಂಡಿದ್ದೆ. ಹೆದರಿಕೆ ಇತ್ತು ಕಣೋ. ನನ್ನ ಫೈಲ್ ನೋಡಿ, ನನ್ನ ಕೈ ನೋಡಿ ಹೆದರ್ತಿದ್ದ. ಅಪ್ಪನ ಕೊನೇ ಕಾಲದಲ್ಲಿ ನೀರು ಹಾಯಿಸಿ ಕಬ್ಬು ಕಡಿಸಿದೋನು ಅವನು. ನಾನು ಓದಿ ಮೈಸೂರು ಸೇರಿದೋನು, ಕಾಗದ ಗೊತ್ತಿರೋನು. ಅವನ ಹೆಂಡತಿ ಮಕ್ಕಳಿಗೆ ರಾತ್ರಿ ನನ್ನ ವಿಷಯ ಹೇಗೆ ಹೇಳ್ತಾನೋ, ಆ ಕಥೆಯಲ್ಲಿ ನನಗೆ ಯಾವ ಮುಖ ಇದೆಯೋ.

ನಾನು ಕೇಳಿದ್ದು ನನ್ನ ಪಾಲು ಮಾತ್ರ. ಅದರಲ್ಲಿ ತಪ್ಪಿದೆ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಅನ್ನಿಸಿಲ್ಲ ಅನ್ನೋದೇ ರಾತ್ರಿ ನಿದ್ದೆ ಕೆಡಿಸ್ತಿದೆ. ಗೊಂಬೆ ಕೈಯಲ್ಲಿ ಹಿಡಿದು ‘ಇವನು ತನ್ನನ್ನ ನಂಬಿದ್ದಾನೆ, ಇವನಿಗೆ ಹೆಚ್ಚು ಅಂಕ’ ಅಂತ ಇಷ್ಟು ವರ್ಷ ಹೇಳ್ತಾ ಬಂದೋನು ನಾನು. ತಮ್ಮ ಇದನ್ನ ಓದ್ತಾನೆ, ಗೊತ್ತು. ಓದಲಿ. ಮುಖಾಮುಖಿ ಹೇಳೋಕೆ ನನಗೆ ಮಾತು ಸಿಕ್ಕಿರಲಿಲ್ಲ.

ಸರಿ ಬಿಡು, ಇದನ್ನೆಲ್ಲ ಬರೆಯೋಕೆ ಕೂತಿರಲಿಲ್ಲ. ದಸರಾಕ್ಕೆ ಬಾ. ನಜರ್‌ಬಾದ್‌ನ ಬೊಂಬೆ ಮನೆಗೆ ಹೋಗೋಣ, ನೀನು ಅಲ್ಲಿ ಪಟ್ಟದ ಗೊಂಬೆಗಳ ಮುಂದೆ ಹಳೇ ಭಾಷಣ ಮಾಡುವಿಯಂತೆ, ಈ ಸಲ ನಾನು ತಡೆಯಲ್ಲ. ನಿನ್ನ ಪೆಟ್ಟಿಗೆಯ ಡೂಮ್‌ನನ್ನೂ ತಗೊಂಡು ಬಾ. ಅದು ಮ್ಯಾಟೆಲ್‌ನ 1984ರ ಸೀಕ್ರೆಟ್ ವಾರ್ಸ್ ಸಾಲಿನದು, ಒಂದೇ ಮೈಯ ಅಚ್ಚನ್ನ ಹಲವರಿಗೆ ಬಳಸಿದ ಸಾಲು, ಕೆತ್ತನೆ ಸಾಧಾರಣ. ಓರೆ ಮಾಡಿದರೆ ಚಿತ್ರ ಬದಲಾಗೋ ಗುರಾಣಿ ಜೊತೆಗಿದ್ದರೆ ಮಾರೋನು ಕೇಳಿದ ಬೆಲೆ ಕೊಡು, ಇಲ್ಲದಿದ್ದರೆ ಇಳಿಸು. ಅತ್ತೆ ಆ ಡೂಮ್‌ಗೂ ಜಾಗ ಮಾಡ್ತಾರೆ.

ಗಾಬ್ಲಿನ್ ವಿಷಯ ಮರೀಬೇಡ. ಬೆನ್ನು, ತೊಡೆಯ ಹಿಂಭಾಗ, ಅಂಗಾಲು, ಇಷ್ಟರ ಫೋಟೋ ಕೇಳು. ಕಂಪನಿ ಹೆಸರು, ವರ್ಷ, ದೇಶ ಎಲ್ಲೋ ಒಂದು ಕಡೆ ಚೂಪಾಗಿ ಅಚ್ಚಾಗಿರಬೇಕು. ಅಕ್ಷರ ಮಸುಕಾಗಿದ್ದರೆ, ಇಲ್ಲಾ ಗೊಂಬೆ ಅಸಲಿಗಿಂತ ಒಂಚೂರು ಗಿಡ್ಡ ಇದ್ದರೆ, ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ಡೂಪ್ಲಿಕೇಟ್ ಅದು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯೋಕೆ ಹೇಳು. ‘ಆಗಲ್ಲ ಸಾರ್’ ಅಂದರೆ ಅವನಿಗೊಂದು ನಮಸ್ಕಾರ ಹೇಳಿ, ಉಳಿದ ಮೂವರ ದುಡ್ಡು ಎಣಿಸಿ ಕೊಟ್ಟು ಬಾ.

ನಿನ್ನ,
ಲೆಫ್ಟ್ ಸೈಡ್ ಮಂಜ