ಕಾರು ಮಾರಲು ಬ್ಲಿಟ್ಜ್‌ಕ್ರೀಗ್ ಬೇಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುಣೆ ಪುರವಣಿಯ ಕೊನೆಯ ಪುಟದಲ್ಲಿ ಇಲ್ಲಿನ ಕಾರು ಮಳಿಗೆಯೊಂದರ ದೀಪಾವಳಿ ರಿಯಾಯಿತಿಯ ಜಾಹೀರಾತು ಇತ್ತು. ಹಳೆಯ ಛಾಯಾಚಿತ್ರದಂತೆ ಮಸುಕಾಗಿಸಿದ ಹಿನ್ನೆಲೆಯಲ್ಲಿ ಹೊಗೆಯೇಳುತ್ತಿರುವ ಒಂದು ಊರು, ಅದರತ್ತ ಸಾಗುವ ಟ್ಯಾಂಕುಗಳ ಸಾಲು, ಆ ಸಾಲಿನ ಮುಂದಾಳಾಗಿ ಥಳಥಳಿಸುವ ಹೊಸ ಎಸ್‌ಯುವಿ; ಮೇಲೆ ದಪ್ಪಕ್ಷರದಲ್ಲಿ ‘ಬ್ಲಿಟ್ಜ್‌ಕ್ರೀಗ್ ದೀಪಾವಳಿ’. ಅದೇ ಚಿತ್ರ ಖಡಕಿಯಲ್ಲಿ ಹಳೆಯ ಮುಂಬೈ–ಪುಣೆ ರಸ್ತೆಯ ಹೋರ್ಡಿಂಗಿನ ಮೇಲೂ ನಿಂತಿದೆ. ಮಳಿಗೆಯ ಹೆಸರು ಬರೆದು ಅದಕ್ಕೆ ಪುಕ್ಕಟೆ ಪ್ರಚಾರ ಕೊಡುವ ಇಚ್ಛೆ ನನಗಿಲ್ಲ.

ಬ್ಲಿಟ್ಜ್‌ಕ್ರೀಗ್ ಎಂದರೆ ಜರ್ಮನ್ ಭಾಷೆಯಲ್ಲಿ ಮಿಂಚಿನ ಯುದ್ಧ. ಬರೆದವರಿಗೆ ಅದರಲ್ಲಿ ವೇಗವೊಂದೇ ಕಂಡಿರಬೇಕು. ಆದರೆ 1939ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಮೇಲೆ, ಮರುವರ್ಷ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಮತ್ತು ಫ್ರಾನ್ಸ್ ಮೇಲೆ ನಾಜಿ ಸೇನೆ ಎರಗಿದ ರೀತಿಗೆ ಅಂಟಿಕೊಂಡ ಹೆಸರು ಅದು. ಹಿನ್ನೆಲೆಯಲ್ಲಿ ಹೊಗೆಯಾಡುತ್ತಿರುವ ಊರಿನಲ್ಲಿ ಜನ ಇದ್ದರು ಎಂಬುದು ಚಿತ್ರ ಬರೆದವರಿಗೆ ಹೊಳೆದಂತಿಲ್ಲ. ವೇಗದ ಮಾತಿಗೇ ಬಂದರೂ, ಆ ‘ಮಿಂಚಿನ’ ಸೇನೆಯ ಫಿರಂಗಿ ಮತ್ತು ಸರಂಜಾಮುಗಳನ್ನು ಬಹುಪಾಲು ಎಳೆದದ್ದು ಕುದುರೆಗಳು. ಕಾರು ಮಾರುವವರಿಗೆ ಇದಕ್ಕಿಂತ ಕೆಟ್ಟ ಉಪಮೆ ಸಿಗುವುದು ಕಷ್ಟ.

ಇದೇ ಖಡಕಿಯಲ್ಲಿ ಯುದ್ಧ ಸ್ಮಶಾನವಿದೆ. ಎರಡನೇ ಮಹಾಯುದ್ಧದಲ್ಲಿ ತೀರಿಕೊಂಡ 1,600ಕ್ಕೂ ಹೆಚ್ಚು ಕಾಮನ್‌ವೆಲ್ತ್ ಸೈನಿಕರ ಸಮಾಧಿಗಳು ಅಲ್ಲಿ ಸಾಲಾಗಿವೆ. ಆ ಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರ ಸಂಖ್ಯೆ ಸುಮಾರು 87,000. ನನ್ನ ಅಜ್ಜ ಖಾನಾಪುರ ತಾಲ್ಲೂಕಿನವರು, ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳ ಸೇರಿ ಇಟಲಿಗೆ ಹೋಗಿ ಜೀವಸಹಿತ ಮರಳಿದವರು. ಯುದ್ಧದ ಬಗ್ಗೆ ಅವರು ಹೇಳಿದ್ದು ಬಹಳ ಕಡಿಮೆ. ಚಳಿ, ಕೆಸರು, ಡಬ್ಬಿಯ ಊಟ, ಇಷ್ಟೇ. ಕೊನೆಯವರೆಗೂ ಯಾವ ಜೀಪು ಕಂಡರೂ ಅದನ್ನು ‘ವಿಲೀಸು’ ಎಂದೇ ಕರೆಯುತ್ತಿದ್ದರು.

ಹಾಗೆಂದು ವಾಹನಗಳ ಜಾಹೀರಾತಿನಲ್ಲಿ ಸೈನ್ಯದ ಸುಳಿವೇ ಬರಬಾರದು ಎನ್ನುವವನು ನಾನಲ್ಲ. ವಿಲೀಸ್ ಜೀಪು ಯುದ್ಧದಲ್ಲೇ ಹುಟ್ಟಿತು, 1947ರಿಂದ ಮುಂಬೈಯಲ್ಲಿ ಮಹೀಂದ್ರ ಕಂಪನಿ ಅದನ್ನು ಜೋಡಿಸತೊಡಗಿತು. ಇದನ್ನು ಹೆಮ್ಮೆಯಿಂದ ಹೇಳಿಕೊಂಡರೆ ತಪ್ಪೇನೂ ಇಲ್ಲ. ಅದೇ ಕಂಪನಿಯ ಗಾಡಿಗಳಿಗೆ ಕಮಾಂಡರ್, ಮಾರ್ಷಲ್, ಮೇಜರ್ ಎಂಬ ಹೆಸರುಗಳೂ ಇದ್ದವು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಮಾಂಡರ್ ಎಂದರೆ ಸೇನಾಧಿಕಾರಿಯಲ್ಲ, ಹದಿನೈದು ಜನರನ್ನೂ ನಾಲ್ಕು ಕುರಿಗಳನ್ನೂ ತುಂಬಿಕೊಂಡು ಸಂತೆಗೆ ಹೋಗುವ ಜೀಪು. ಅಂಥ ಹೆಸರಿನಿಂದ ಯಾರ ಮನಸ್ಸೂ ನೊಂದಿದ್ದಿಲ್ಲ. ದಾಳಿಕೋರನ ಜಾಗದಲ್ಲಿ ಗಿರಾಕಿಯನ್ನು ಕೂರಿಸಿ, ಸುಟ್ಟ ಊರನ್ನು ಅಲಂಕಾರವಾಗಿ ತೋರಿಸುವುದು ಬೇರೆಯೇ ಮಾತು.

ಇಂಥ ಎಡವಟ್ಟು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ 2003ರಲ್ಲಿ ಚೀನಾದಲ್ಲಿ ನಡೆದದ್ದನ್ನು ನೋಡಬಹುದು. ಜಪಾನಿನ ಟೊಯೋಟಾ ಕಂಪನಿಯ ಪ್ರಾಡೊ ಕಾರಿನ ಜಾಹೀರಾತಿನಲ್ಲಿ ಒಂದು ಕಲ್ಲಿನ ಸಿಂಹ ಕಾರಿಗೆ ಸಲಾಮು ಹೊಡೆಯುತ್ತಿತ್ತು, ಇನ್ನೊಂದು ತಲೆಬಾಗುತ್ತಿತ್ತು. ಚೀನೀಯರಿಗೆ ಆ ಸಿಂಹಗಳನ್ನು ಕಂಡೊಡನೆ ನೆನಪಾದದ್ದು ಬೀಜಿಂಗ್ ಹತ್ತಿರದ ಮಾರ್ಕೊ ಪೋಲೊ ಸೇತುವೆಯ ಸಿಂಹಗಳು. 1937ರ ಜುಲೈ 7ರಂದು ಜಪಾನಿನ ಪೂರ್ಣಪ್ರಮಾಣದ ಆಕ್ರಮಣಕ್ಕೆ ನಾಂದಿಯಾದ ಘರ್ಷಣೆ ನಡೆದದ್ದು ಆ ಸೇತುವೆಯ ಬಳಿ. ಸಾಲದ್ದಕ್ಕೆ, ಕಾರಿಗೆ ಅಲ್ಲಿ ಇಟ್ಟಿದ್ದ ‘ಬಾದಾವ್’ ಎಂಬ ಹೆಸರಿಗೆ ದಬ್ಬಾಳಿಕೆ ಎಂಬ ಅರ್ಥವೂ ಇತ್ತು. ಟೊಯೋಟಾ ಕ್ಷಮೆ ಕೇಳಿ ಜಾಹೀರಾತನ್ನು ಹಿಂತೆಗೆದುಕೊಂಡಿತು, ಮುಂದೆ ಹೆಸರನ್ನೂ ಬದಲಿಸಿತು. ಸಂಪಾದಕರು ಗಮನಿಸಬೇಕಾದದ್ದೇನೆಂದರೆ, ಆ ಜಾಹೀರಾತನ್ನು ಅಚ್ಚು ಹಾಕಿದ ಪತ್ರಿಕೆಯೂ ಓದುಗರ ಕ್ಷಮೆ ಕೇಳಬೇಕಾಯಿತು.

ಬಿಸ್ಕತ್ತು ಮಾರುವವರು ಬ್ಲಿಟ್ಜ್‌ಕ್ರೀಗ್ ಎಂದಿದ್ದರೆ ಅಜ್ಞಾನವೆಂದು ಬಿಟ್ಟುಬಿಡುತ್ತಿದ್ದೆನೋ ಏನೋ. ಕಾರಿನ ಉದ್ಯಮ ಮಾತ್ರ ಆ ಯುದ್ಧದ ಹೊರಗೆ ನಿಂತದ್ದಲ್ಲ. ಈ ಜಾಹೀರಾತಿಗೂ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗೂ ಯಾವ ಸಂಬಂಧವೂ ಇಲ್ಲ. ಅದರ ಉದಾಹರಣೆ ಕೊಡುತ್ತಿರುವುದು, ತನ್ನ ಗತಕಾಲವನ್ನು ಅದು ತಾನೇ ದಾಖಲಿಸಿರುವುದರಿಂದ. 1938ರಲ್ಲಿ ಹಿಟ್ಲರ್ ಅಡಿಗಲ್ಲು ಹಾಕಿದ ಆ ಕಾರ್ಖಾನೆಯಿಂದ 990 ಮಾರ್ಕಿಗೆ ಜನರ ಕಾರು ಸಿಗುತ್ತದೆಂದು ನಂಬಿ, ಸುಮಾರು 3.36 ಲಕ್ಷ ಜರ್ಮನರು ವಾರವಾರ ಉಳಿತಾಯ ಪುಸ್ತಕಕ್ಕೆ ಐದು ಮಾರ್ಕಿನ ಚೀಟಿ ಅಂಟಿಸಿ ಹಣ ಕೂಡಿಟ್ಟರು. ಯುದ್ಧ ಮುಗಿದರೂ ಅವರಲ್ಲಿ ಒಬ್ಬರಿಗೂ ಆ ಯೋಜನೆಯ ಕಾರು ಸಿಗಲಿಲ್ಲ. ಕಾರ್ಖಾನೆ ಸೇನಾ ವಾಹನಗಳಿಗೆ ತಿರುಗಿತು, ಸುಮಾರು 20,000 ಜನರಿಂದ ಅಲ್ಲಿ ಬಲವಂತದ ದುಡಿಮೆ ಮಾಡಿಸಲಾಯಿತು. ಅವರಲ್ಲಿ ಯುದ್ಧಕೈದಿಗಳೂ ಯಾತನಾ ಶಿಬಿರಗಳಿಂದ ತಂದವರೂ ಇದ್ದರು. ಕಂಪನಿ ಇದನ್ನೆಲ್ಲ ಮುಚ್ಚಿಡಲಿಲ್ಲ. ಇತಿಹಾಸಕಾರ ಹಾನ್ಸ್ ಮೊಮ್ಸೆನ್ ಅವರಿಂದ ಸಂಶೋಧನೆ ಮಾಡಿಸಿತು, 1996ರಲ್ಲಿ ಅದು ಪ್ರಕಟವಾಯಿತು. ಕಾರ್ಖಾನೆಯ ಆವರಣದಲ್ಲೇ ಒಂದು ಸ್ಮಾರಕವಿದೆ. ಇಷ್ಟಾದರೂ 2019ರಲ್ಲಿ ಅದರ ಮುಖ್ಯಸ್ಥ ಹರ್ಬರ್ಟ್ ಡೀಸ್, ನಾಜಿಗಳ ಆಶ್‌ವಿಟ್ಸ್ ಯಾತನಾ ಶಿಬಿರದ ದ್ವಾರದ ಮೇಲಿದ್ದ ‘ದುಡಿಮೆ ಮುಕ್ತಿ ನೀಡುತ್ತದೆ’ ಎಂಬ ಕುಖ್ಯಾತ ವಾಕ್ಯವನ್ನು ನೆನಪಿಸುವಂತೆ, ಲಾಭ ಮುಕ್ತಿ ನೀಡುತ್ತದೆ ಎಂಬರ್ಥದ ಮಾತಾಡಿ ಕ್ಷಮೆ ಕೇಳಬೇಕಾಯಿತು. ಇತಿಹಾಸವನ್ನು ಅಷ್ಟು ಬಲ್ಲ ಮನೆಯಲ್ಲೇ ನಾಲಿಗೆ ಜಾರುವುದಾದರೆ, ಅಂತರ್ಜಾಲದಿಂದ ಒಂದು ಪದ ಹೆಕ್ಕಿ ತಂದವರ ಗತಿಯನ್ನು ಊಹಿಸಬಹುದು.

ಜಾಹೀರಾತು ಮಾನದಂಡ ಮಂಡಳಿ ಮುಂಬೈಯಲ್ಲೇ ಇದೆ, ದೂರು ಕೊಡಬಹುದಿತ್ತು. ಕೊಡಲಿಲ್ಲ, ಯಾರನ್ನೋ ನೋಯಿಸಬೇಕೆಂಬ ಉದ್ದೇಶ ಇಲ್ಲಿ ನನಗೆ ಕಾಣುವುದಿಲ್ಲ, ಕಾಣುವುದು ಬರೀ ಅಸಡ್ಡೆ. ರಿಯಾಯಿತಿ ದೀಪಾವಳಿಯವರೆಗೂ ಇರುವುದರಿಂದ ಮುಂದಿನ ಪುರವಣಿಗೂ ಇದೇ ಪುಟ ಬರುವ ಸಂಭವವಿದೆ. ಅಷ್ಟರೊಳಗೆ ನಿಮ್ಮ ಜಾಹೀರಾತು ವಿಭಾಗದವರು ಮಳಿಗೆಗೆ ಒಂದು ಫೋನು ಮಾಡಿ, ಆ ಪದವನ್ನೂ ಸುಟ್ಟ ಊರಿನ ಚಿತ್ರವನ್ನೂ ತೆಗೆಸಬೇಕೆಂದು ಕೋರುತ್ತೇನೆ. ರಿಯಾಯಿತಿಯ ಮೊತ್ತ ಹಾಗೆಯೇ ಇರಲಿ.

ಇಂತು ತಮ್ಮ ವಿಶ್ವಾಸಿ,
ಓರ್ವ ಓದುಗ, ಬೋಪೋಡಿ, ಪುಣೆ